ಸ್ಟೆಪ್ನಿ ಹೂಳುವುದು

ರಾತ್ರಿ ಒಂಬತ್ತಕ್ಕೆ ವಾಕಿಟಾಕಿ ಕೆಮ್ಮಿತು:
ಹದಿನೇಳನೇ ನಂಬರಿನ ಜಿಪ್ಸಿ, ಐದನೇ ದಿಬ್ಬದ ಹಿಂದೆ,
ಮುಂದಿನ ಆಕ್ಸಲ್ ಮುರಿದಿದೆ, ಜನ ಕ್ಷೇಮ.
ನಾವು ಆಗಷ್ಟೇ ಮುದ್ದೆ ಮುರಿದಿದ್ದೆವು.
ತಟ್ಟೆಗಳನ್ನು ಇದ್ದಲ್ಲೇ ಬಿಟ್ಟು ಲಾರಿ ಹತ್ತಿದೆವು
ನಾನು, ಕ್ಲೀನರ್ ನೌಷಾದ್, ಅರುಳಪ್ಪ ತಾತ.

ಕೆಜಿಎಫಿನ ಈ ದಿಬ್ಬಗಳನ್ನು
ರೇಸಿನವರು ಮರುಭೂಮಿ ಅನ್ನುತ್ತಾರೆ.
ಫೋಟೋದಲ್ಲಿ ಹಾಗೆಯೇ ಕಾಣುತ್ತದೆ, ಜಗಳವಿಲ್ಲ.
ಆದರೆ ಇದು ಬಂಡೆ.
ಪಾತಾಳದಿಂದ ಮೇಲೆ ಬಂದು, ಮಿಲ್ಲಿನಲ್ಲಿ ಅರೆಸಿಕೊಂಡು,
ಸೈನೈಡ್ ಕುಡಿದು, ಇದ್ದಬದ್ದ ಚಿನ್ನವನ್ನೆಲ್ಲ ಕಕ್ಕಿ
ಹೊರಗೆ ಬಿದ್ದ ಬೂದಿ ಬಣ್ಣದ ಹಿಟ್ಟು.
ರಾಗಿ ಹಿಟ್ಟಿಗಿಂತ ನುಣುಪು.
ಗಾಳಿ ಎದ್ದರೆ ಊರಿಗೆ ಊರೇ
ಒಣಹಾಕಿದ ಬಟ್ಟೆ ಒಳಗೆಳೆದುಕೊಳ್ಳುತ್ತದೆ.
ಹಗ್ಗ ಕಟ್ಟಲು ಒಂದು ಜಾಲಿಗಿಡವೂ ಇಲ್ಲ.

ಹುಡುಗ ಬಾಗಿಲಿಗೆ ಒರಗಿ ನಿಂತಿದ್ದ,
ಪುಣೆಯವನು, ಹೆಲ್ಮೆಟ್ ಇನ್ನೂ ತೆಗೆದಿರಲಿಲ್ಲ.
ದಾರಿ ಓದುವ ಹುಡುಗಿ ಹಾಳೆಯ ಮೇಲೆ ಟಾರ್ಚು ಬಿಟ್ಟು
ಇನ್ನು ನಾಲ್ಕೇ ಕಿಲೋಮೀಟರ್ ಇತ್ತು ಅಂದಳು,
ನಮಗಲ್ಲ, ಹಾಳೆಗೆ.
ಆಕ್ಸಲ್ ಮುರಿದ ಮೇಲೂ ಒತ್ತಿ ಒತ್ತಿ
ಗಾಡಿಯನ್ನು ಹೊಟ್ಟೆಮಟ್ಟ ಹೂತುಕೊಂಡಿದ್ದ.
ಎಲ್ಲರೂ ಮಾಡುವುದು ಅದೇ. ನಾನು ಬೈಯುವುದಿಲ್ಲ.
ಕಾಲು ಬಡಿಯಬೇಡ ಅನ್ನುವುದು
ದಡದಲ್ಲಿ ನಿಂತವನಿಗೆ ಸುಲಭ.

ತಾತ ಮೊದಲು ನೋಡುವುದು ಗಾಡಿಯನ್ನಲ್ಲ, ಹಗ್ಗವನ್ನು.
ಇಪ್ಪತ್ತೆಂಟು ವರ್ಷ ಶಾಫ್ಟಿನ ಬಾಯಲ್ಲಿ
ವೈಂಡರ್ ಓಡಿಸಿದ ಕೈ
ಉಕ್ಕಿನ ಎಳೆಗಳುದ್ದಕ್ಕೂ ಹತ್ತಿಯ ಉಂಡೆ ಸವರುತ್ತದೆ.
ಹತ್ತಿ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೊಂದು ಎಳೆ ಹೋಗಿದೆ ಎಂದು.
ಇವತ್ತು ಸಿಕ್ಕಲಿಲ್ಲ.

ಲಾರಿಯೇ ಜಾರುವ ನೆಲ. ಲಾರಿಗೊಂದು ಆಸರೆ ಬೇಕು.
ಸ್ಟೆಪ್ನಿ ಇಳಿಸಿ ಗುಂಡಿ ತೋಡಿದೆವು.
ಸೊಂಟದ ತನಕ ತೋಡಿ ನಿಲ್ಲಿಸಿದರೆ
ತಾತ ತಲೆ ಅಲ್ಲಾಡಿಸಿದ.
ಹುಡುಗ ಆಗ ಹೆಲ್ಮೆಟ್ ತೆಗೆದು ತಾನೂ ಇಳಿದ.
ಟೈರನ್ನು ನಿಲ್ಲಿಸಿ, ಬೆಲ್ಟು ಬಿಗಿದು, ಮುಚ್ಚಿ,
ಅದರ ಮೇಲೆ ಎಲ್ಲರೂ ಸುತ್ತು ಹಾಕಿ ತುಳಿದೆವು.
ಇದು ತಡೆಯುತ್ತಾ? ಹುಡುಗಿ ಕೇಳಿದಳು.
ತಾತ ತಮಿಳಿನಲ್ಲಿ ಏನೋ ಗೊಣಗಿದ,
ನೌಷಾದ್ ಹಿಂದಿ ಮಾಡಿದ:
ಇಲ್ಲಿ ಹೂತದ್ದು ಅಷ್ಟು ಸುಲಭಕ್ಕೆ ಮೇಲೆ ಬರಲ್ಲವಂತೆ.
ತಾತ ನಕ್ಕನೋ ಇಲ್ಲವೋ, ಕತ್ತಲಲ್ಲಿ ತಿಳಿಯಲಿಲ್ಲ.

ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದೆವು,
ತುಂಡಾದರೆ ಹೆಡೆಯೆತ್ತದಿರಲಿ ಎಂದು.
ಹುಡುಗ ಸ್ಟಿಯರಿಂಗ್ ಹಿಡಿದು ಕೂತ.
ತಾತ ಸ್ಪ್ಯಾನರಿನಿಂದ ಬಾನೆಟ್ಟಿಗೆ ಬಡಿದ:
ಟಣ್.
ಟಣ್.
ಟಣ್.

ಮೂರು ಅಂದರೆ ಒಳಗೆ ಮನುಷ್ಯರಿದ್ದಾರೆ.
ಅದಿರಿಗೆ ಒಂದು ವೇಗ, ಮನುಷ್ಯರಿಗೆ ಇನ್ನೊಂದು.
ಗಣಿ ಮುಚ್ಚಿದ ವರ್ಷ ನಾನು ಒಂಬತ್ತನೇ ಕ್ಲಾಸು,
ಗಂಟೆಯ ಲೆಕ್ಕ ನನಗೆ ಬರಬೇಕಾದ್ದಲ್ಲ.
ಆದರೂ ವಿಂಚಿನ ಲಿವರಿನ ಮೇಲೆ
ಬೆರಳು ತಾನಾಗಿ ಮೆತ್ತಗಾಯಿತು.

ಹಗ್ಗ ಬಿಗಿಯಿತು. ಗೋಣಿ ನೀರು ಸುರಿಸಿತು.
ಹೂತ ಸ್ಟೆಪ್ನಿ ಒಂದು ಗೇಣು ಕದಲಿ ನಿಂತಿತು.
ಜಿಪ್ಸಿ ಒಲ್ಲೆ ಒಲ್ಲೆ ಅಂದು, ಕೊನೆಗೆ
ಎಮ್ಮೆ ಕರು ಹಾಕುವಾಗಿನ ಒಂದು ಉಸಿರು ಬಿಟ್ಟು
ಮೇಲೆ ಬಂತು.

ಚೀಟಿಗೆ ಸಹಿ ಆಯಿತು. ಗಾಡಿ ಒಂದು, ಜನ ಇಬ್ಬರು.
ಹೊರಡೋಣ ಅನ್ನುವಷ್ಟರಲ್ಲಿ ತಾತ ಗುಂಡಿಯ ಹತ್ತಿರವಿದ್ದ.
ಬೆಳಿಗ್ಗೆ ತೆಗೆದ್ರಾಯ್ತು ಬಾ ತಾತ, ಅಂದೆ.
ಬೆಳಿಗ್ಗೆ ಎಲ್ಲಿ ಹೂತ್ವಿ ಅಂತ ಯಾರಿಗೆ ನೆನಪಿರುತ್ತೆ, ಅಂದ.
ಮತ್ತೆ ಗುದ್ದಲಿ ಹಿಡಿದೆವು.
ಹೂಳುವುದಕ್ಕಿಂತ ಅಗೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಟೆಂಟಿಗೆ ಬಂದಾಗ ಎರಡೂವರೆ.
ಸಾರು ಹಳಸಿರಲಿಲ್ಲ, ಪುಣ್ಯ.
ಮುರಿದಿಟ್ಟ ಮುದ್ದೆಗಳ ಮೇಲೆ
ತೆಳ್ಳಗೆ ಬೂದಿ ಬಣ್ಣದ ಹಿಟ್ಟು ಕೂತಿತ್ತು.
ಊದಿ ತಿಂದೆವು.