ಇಡುಗಂಟು

ಪತ್ರ ಬಂದದ್ದು ಗುರುವಾರ. ಆರು ಲಕ್ಷ ಎಂಬತ್ತು ಸಾವಿರ,
ಒಂದೇ ಕಂತು, ಒಂದೇ ವರ್ಷ. ಬೀಜಧನ ಎಂದಿತ್ತು ಅದರ ಹೆಸರು.
ಡಾಕ್ಟರ್ ಶಾಕಿರಾ ಎರಡು ಸಲ ಓದಿ, ಕನ್ನಡಕ ತೆಗೆದು
ಒರೆಸಿಕೊಂಡರು, ಗಾಜನ್ನೋ ಕಣ್ಣನ್ನೋ ತಿಳಿಯಲಿಲ್ಲ.
"ಇಡುಗಂಟು ಬಂತಮ್ಮ ಚೌಡೇಶ್ವರಿ" ಅಂದರು.

ಗಂಟು.
ಈ ಆಸ್ಪತ್ರೆಯಲ್ಲಿ ಯಾರೂ ನಗುತ್ತ ಆಡದ ಮಾತು.
ಕೆನ್ನೆಯ ಒಳಗಿನದು, ಕತ್ತಿನ ಪಕ್ಕದ್ದು,
ಸೆರಗು ಸರಿಸಿ ತೋರಿಸಲು ಮೂರು ತಿಂಗಳು ಹಿಡಿಯುವಂಥದ್ದು.
ಅವತ್ತು ಮಾತ್ರ ನಾವಿಬ್ಬರೂ ಅದನ್ನು ಬಾಯ್ತುಂಬ ಹೇಳಿಕೊಂಡು
ಕ್ಯಾಂಟೀನಿನಲ್ಲಿ ಟೀ ಕುಡಿದೆವು.

ಸಮಿತಿಯಲ್ಲಿ ಒಬ್ಬರು ಕೇಳಿದ್ದರಂತೆ:
ವರ್ಷ ತುಂಬುವಷ್ಟರಲ್ಲಿ ಎಷ್ಟು ಜನ ಉಳಿಯುತ್ತಾರೆ?
ಡಾಕ್ಟರು ಸುಳ್ಳು ಬಾರದವರು. ಗೊತ್ತಿಲ್ಲ ಅಂದರಂತೆ.
ಒಬ್ಬರೂ ಉಳಿಯದೆ ಇರಬಹುದು.
ಹುಣ್ಣು ಏಳುವ ಮೊದಲೇ ಎಂಜಲಿನಲ್ಲಿ ಏನಾದರೂ
ಗುರುತು ಬಿದ್ದಿರುತ್ತದೆಯೇ, ನೋಡಬೇಕು. ಅಷ್ಟೆ.
ಆಮೇಲೆ ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಓದಿದರಂತೆ:

ಶಿಡ್ಲಘಟ್ಟದ ಕಡೆ ಬಿತ್ತನೆ ಗೂಡನ್ನು ಯಾರೂ ಬೇಯಿಸುವುದಿಲ್ಲ.
ನೂಲಿನ ಆಸೆ ಬಿಟ್ಟು ಸುಮ್ಮನೆ ಇಡುತ್ತಾರೆ.
ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ.
ಗೂಡು ಕೆಟ್ಟಿತು, ಮೊಟ್ಟೆ ದಕ್ಕಿತು.

ಇದು ನನ್ನ ಜಾಣತನವಲ್ಲ, ಅಮ್ಮನ ಮಾತು.
ಮೊಟ್ಟೆ ಕೋಠಿಯಲ್ಲಿ ಇಪ್ಪತ್ತಾರು ವರ್ಷ
ತಾಯಿಚಿಟ್ಟೆಗಳನ್ನು ಅರೆದು, ಒಂದು ಹನಿ ಗಾಜಿಗೆ ಹಚ್ಚಿ ನೋಡಿದವಳು ಪಿಳ್ಳಮ್ಮ.
ಗಂಟುರೋಗದ ಹೊಳೆಯುವ ಕಾಳು ಒಂದೇ ಒಂದು ಕಂಡರೂ
ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ.
ಕಣ್ಣು ಮಸೂರದ ಮೇಲೆ; ಕೆನ್ನೆಯಲ್ಲಿ ಎಲೆ, ಸುಣ್ಣ, ಕಡ್ಡಿಪುಡಿ.
ಎದ್ದು ಹೋಗಿ ಉಗಿಯಲು ಪುರುಸೊತ್ತಿಲ್ಲದ ಕೆಲಸ,
ಹಾಗಾಗಿ ಎಡಗೆನ್ನೆಯೇ ಖಜಾನೆ.

ದುಡ್ಡಿನ ಲೆಕ್ಕ ನನ್ನ ಕೈಬರಹದಲ್ಲೇ ಇದೆ:
ಮೈನಸ್ ಎಂಬತ್ತರ ಫ್ರೀಜರಿನಲ್ಲಿ ನಮ್ಮ ಪಾಲಿಗೆ ಒಂದು ಅಟ್ಟ,
ಟ್ಯೂಬು, ರೀಏಜೆಂಟು, ಮುನ್ನೂರು ಹೆಂಗಸರ ಬಸ್ ಚಾರ್ಜು,
ಅವರ ಒಂದು ದಿನದ ಕೂಲಿ
(ಸಮಿತಿ ಹೊಡೆದುಹಾಕಿತು, ಡಾಕ್ಟರು ಮತ್ತೆ ಬರೆದರು,
ಅವರು ಅರ್ಧ ಮಾಡಿದರು),
ಎಂಟು ತಿಂಗಳ ನನ್ನ ಸಂಬಳ.
ವರ್ಷಕ್ಕೆ ಹನ್ನೆರಡು ತಿಂಗಳು ಎಂದು
ಡಾಕ್ಟರಿಗೂ ಗೊತ್ತು, ನನಗೂ ಗೊತ್ತು.

ಹುಳು ಸಾಕುವವರಿಗೆ ಇದು ಹೊಸದಲ್ಲ.
ಚಾಕಿ ಎಂದರೆ ಹೀಗೇ: ಇರುವೆಯಷ್ಟೂ ಇಲ್ಲದ ಹುಳು,
ಕೂದಲಂತೆ ಹೆಚ್ಚಿದ ಎಳೆಸೊಪ್ಪು, ಪುಕ್ಕದಿಂದ ಗುಡಿಸಿ ಎತ್ತುವುದು,
ಎರಡು ಜ್ವರ ಎದ್ದ ಮೇಲೆ ಬೇರೆಯವರ ಮನೆಗೆ.
ಮೇವು ಬಿಟ್ಟು ತಲೆಯೆತ್ತಿ ಮಲಗಿದ ಹುಳುವನ್ನು ತಟ್ಟಿ ಎಬ್ಬಿಸಿ
ನೂಲು ಎಷ್ಟು ಕೊಡುತ್ತೀಯ ಎಂದು
ಯಾವ ರೀಲರೂ ಕೇಳಿದ್ದಿಲ್ಲ.

ಮೊದಲ ದಿನ ಹನ್ನೊಂದು ಮಂದಿ ಬಂದರು. ಅವರಲ್ಲಿ ಅಮ್ಮ.
ಬಾಯಿ ಮುಕ್ಕಳಿಸಿ, ಟ್ಯೂಬಿಗೆ ಉಗುಳಲು ನಾಚಿ
ಗೋಡೆಯ ಕಡೆ ತಿರುಗಿ ನಿಂತಳು.
ನಂಬರು ಅಂಟಿಸುವಾಗ ಡಾಕ್ಟರು ನನ್ನನ್ನು ಹೊರಗೆ ಕಳಿಸಿದರು.
ಒಳಗೆ ಬಂದಾಗ ಹನ್ನೊಂದೂ ಒಂದೇ ಥರ,
ಮುಚ್ಚಳ ನೀಲಿ, ಹೆಸರಿಲ್ಲ.
ಕೋಠಿಯಲ್ಲಾದರೆ ಯಾವ ತಾಯಿ ಎಂದು ಅವಳಿಗೆ ಗೊತ್ತಿರುತ್ತಿತ್ತು.

"ಏನ್ ಕಂಡಿತೇ?"
ಸಂಜೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದಳು.
ಏನೂ ಇಲ್ಲಮ್ಮ. ಏನನ್ನು ನೋಡಬೇಕು ಅನ್ನೋದೇ ಇನ್ನೂ ಗೊತ್ತಿಲ್ಲ.
"ಮತ್ತೆ ಸಂಬಳ ಯಾತಕ್ಕೆ?"
ಗೊತ್ತಿಲ್ಲದ್ದಕ್ಕೇ, ಅಂದೆ.

ನಕ್ಕಳು. ಎಷ್ಟೋ ವರ್ಷಕ್ಕೆ ಎಡಗೆನ್ನೆ ಖಾಲಿ ಇತ್ತು.
ಶಿಡ್ಲಘಟ್ಟದ ಬಸ್ಸು ಹತ್ತುವಾಗ ನೋಡಿದೆ,
ಸೊಂಟದ ಸಂಚಿ ಎಲ್ಲೂ ಹೋಗಿರಲಿಲ್ಲ,
ಗಂಟು ಹಾಕಿಕೊಂಡೇ ಇತ್ತು.