ಕಾಯ್ದೆ

ಸುಡುವ ಮುಂಚೆ ತೆಗೆಯಬೇಕು ಅದನ್ನು.
ಕುಲುಮೆಯೊಳಗೆ ಪಟಾಕಿಯ ಹಾಗೆ ಸಿಡಿಯುತ್ತದೆ.
ಹಿಂದೊಮ್ಮೆ ಸಿಡಿದು ಇಟ್ಟಿಗೆ ಬಿರುಕುಬಿಟ್ಟ ಮೇಲೆ
ಈ ಫಾರಂ ಬಂತು, ಮೂರು ಪ್ರತಿ, ನೀಲಿ ಕಾರ್ಬನ್.

ಶವಾಗಾರದ ದೇವ್‌ಜಿ ಎಡ ಕೊರಳೆಲುಬಿನ ಕೆಳಗೆ
ಎರಡಿಂಚು ಕೊಯ್ದು, ತಂತಿ ಕತ್ತರಿಸಿ,
ತೊಳೆದು, ಟ್ರೇಯಲ್ಲಿಟ್ಟು ನನ್ನ ಮೇಜಿಗೆ ತರುತ್ತಾನೆ.
ಸಾಯನ್ನಿನ ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ನನ್ನ ಕೆಲಸ ಇಷ್ಟೇ: ನಂಬರು ಬರೆದುಕೊಳ್ಳುವುದು.

ಇವತ್ತಿನದು ಬಾಬು ಕೋಟ್ಯಾನರದು.
ವಡಾಲದ ಹೋಟೆಲಿನ ಗಲ್ಲೆಯಲ್ಲಿ ಕೂತು
ನಲವತ್ತು ವರ್ಷ ಚಿಲ್ಲರೆ ಎಣಿಸಿದವರು.
ಕಡ್ಡಿಪೆಟ್ಟಿಗೆಯಷ್ಟು ಲೋಹ. ಅಂಗೈಯಲ್ಲಿಟ್ಟರೆ ತಣ್ಣಗೆ.
ಒಳಗೆ ಮಾತ್ರ ನಿಮಿಷಕ್ಕೆ ಅರವತ್ತು ಸಲ
'ಏಳು, ಏಳು' ಅನ್ನುತ್ತಲೇ ಇದೆ;
ಯಜಮಾನ ಹೋದ ಸುದ್ದಿ ಯಾರೂ ಹೇಳಿಲ್ಲ ಅದಕ್ಕೆ.
ಬ್ಯಾಟರಿ ಇನ್ನೂ ಏಳು ವರ್ಷ, ಎರಡು ತಿಂಗಳು.

ಫಾರಮಿನ ಆರನೇ ಕಾಲಂ: ಮಾಲೀಕರು.
ಅಲ್ಲಿ ನನ್ನ ಪೆನ್ನು ನಿಲ್ಲುತ್ತದೆ.
ದುಡ್ಡು ಕಟ್ಟಿದ್ದು ವಿಮೆ, ಅದೂ ಮುಕ್ಕಾಲು.
ಉಳಿದ ಕಾಲು ಭಾಗ ಗುಲಾಬಿಯಕ್ಕನ ಕರಿಮಣಿಯ ನಡುವಿನ ಚಿನ್ನ.
ಒಳಗಿರುವ ಲೆಕ್ಕ, ಅವರು ಮೆಟ್ಟಿಲು ಹತ್ತಿದ್ದು,
ರಾತ್ರಿ ಎದ್ದು ಕೂತದ್ದು, ಕೊನೆಯ ಮೂರು ಗಂಟೆ,
ಅದು ಕಂಪನಿಯದಂತೆ. ಪುಟ ಹದಿನಾಲ್ಕು, ಸಣ್ಣಕ್ಷರ.
ಕೆಳಗೆ ಕೋಟ್ಯಾನರದೇ ಸಹಿ,
ಆಪರೇಶನ್ನಿನ ಬೆಳಗ್ಗೆ ಕನ್ನಡಕವಿಲ್ಲದೆ ಮಾಡಿದ್ದು.
ಗುಲಾಬಿಯಕ್ಕ ಬಂದು ಕೇಳಿದ್ದು ಒಂದೇ:
"ಅದನ್ನೂ ಅವರೊಟ್ಟಿಗೆ ಸುಡಲಿಕ್ಕೆ ಆಗುವುದಿಲ್ಲವಾ ಮಗಾ?"

ನಾಲ್ಕನೇ ವಾರ್ಡಿನ ಕಿಟಕಿ ಪಕ್ಕ
ಧಾರಾವಿಯ ಸುಗಂಧಾ ಘಾಡಗೆ ಮಲಗಿದ್ದಾಳೆ.
ಬೊಂಬಿಲ್ ಮಾರುವವಳು. ನಾಡಿ ಮೂವತ್ತಾರು.
ರೈಲ್ವೆ ಸೇತುವೆಯಲ್ಲಿ ಬುಟ್ಟಿ ಸಮೇತ ಕುಸಿದವಳು.
ಯೋಜನೆಯ ಕಾರ್ಡಿನಲ್ಲಿ ಅವಳು ಸುನಂದಾ.
ಒಂದಕ್ಷರ ತಿದ್ದಲು ಅಫಿಡವಿಟ್ಟು, ನೋಟರಿ, ಸೋಮವಾರ ಬನ್ನಿ.

ನನ್ನ ಮೇಜಿನಿಂದ ಅವಳ ಮಂಚಕ್ಕೆ ನೂರಾ ಹತ್ತು ಹೆಜ್ಜೆ.
ಅಳೆದಿದ್ದೇನೆ.

ಗೋಡೆಯ ಸುತ್ತೋಲೆ: ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಕೂಡದು.
ಸುತ್ತೋಲೆ ಸುಳ್ಳಲ್ಲ. ಎದೆ ಕೀವಾಗಿ ಹೋದ
ಹುಡುಗನೊಬ್ಬನನ್ನು ನಾನೇ ನೋಡಿದ್ದೇನೆ;
ಕೊಟ್ಟವರು ಯಾರು, ತೊಳೆದವರು ಯಾರು,
ಕೋರ್ಟು ಇನ್ನೂ ಕೇಳುತ್ತಿದೆ.
ಬಡವರ ಎದೆಗೆ ಹಳತೇ ಸಾಕು ಅನ್ನುವ ಬಾಯಿಗೂ
ಹೆದರುತ್ತೇನೆ. ಸೋಮವಾರಕ್ಕೂ ಹೆದರುತ್ತೇನೆ.

ಕಾಯ್ದೆ ಅಂದರೆ ಕಾನೂನು ಅಂತ ಶಾಲೆಯಲ್ಲಿ ಕಲಿತೆ.
ನಮ್ಮವ್ವನ ಬಾಯಲ್ಲಿ ಅದು ಬೇರೆ:
"ರಾತ್ರಿಯೆಲ್ಲಾ ಕಾಯ್ದೆ, ಪಾಳಿ ಮುಗಿದರೂ
ನಿಮ್ಮಪ್ಪ ಬರಲಿಲ್ಲ."

ಶುಕ್ರವಾರ ಸಂಜೆ. ಆರನೇ ಕಾಲಂ ಖಾಲಿ ಬಿಟ್ಟು
ಟ್ರೇಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.
ಮೊದಲೇ ಹನ್ನೊಂದು ಇವೆ ಅಲ್ಲಿ,
ಕತ್ತಲಲ್ಲಿ, ಒಂದೊಂದೂ ತನ್ನ ಪಾಡಿಗೆ
ಯಾರನ್ನೋ ಎಬ್ಬಿಸುತ್ತ.

ಲೋಕಲ್ಲಿನ ಬಾಗಿಲಲ್ಲಿ ನಿಂತು ಕುರ್ಲಾ ದಾಟುವಾಗ
ಎರಡು ಬೆರಳು ಮಣಿಕಟ್ಟಿಗೆ ತಾವೇ ಹೋಗುತ್ತವೆ.
ಎಣಿಸುತ್ತೇನೆ.
ಮೂವತ್ತಾರಕ್ಕೆ ನಿಲ್ಲಿಸುತ್ತೇನೆ.
ನಿಮಿಷ ಇನ್ನೂ ಮುಗಿದಿರುವುದಿಲ್ಲ.