ಬಿಡಿಸುವುದಕ್ಕೇ ಹೊತ್ತು

ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದಳು ಶರಿನ್ ಚೋಂದಮ್ಮ.
ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಹೊರಗೆ ಜೀಪು ಇನ್ನೂ ಗುಡುಗುಡು ಅನ್ನುತ್ತಿತ್ತು.
"ತೆಗೆದುಬಿಡು, ಎಲ್ಲಾ ತೆಗೆದುಬಿಡು.
ಮಾವಿ ಹೋದರು."

ಮದುವೆಯಾಗಿ ಆರು ದಿನ.
ಉಗುರು ನಿನ್ನೆ ಹಚ್ಚಿದ ಹಾಗಿತ್ತು.
"ಮೂರು ವಾರ ಅಲ್ಲಾಡುವುದಿಲ್ಲ" ಎಂದು
ಹೆಮ್ಮೆಯಲ್ಲಿ ಹೇಳಿದವಳು ನಾನೇ.

ಟೀಪಾಯಿ ಎಳೆದೆ. ಅದೇ ನನ್ನ ಅಂಗಡಿ;
ಹಗಲು ಅಮ್ಮ ಅದರ ಮೇಲೆ ಬೀನ್ಸ್ ಮುರಿಯುತ್ತಾಳೆ.
ಟವೆಲ್ಲು, ಅರ, ಹತ್ತಿ, ಅಸಿಟೋನಿನ ಸೀಸೆ,
ಚಪಾತಿ ಸುತ್ತುವ ಬೆಳ್ಳಿ ಹಾಳೆ.
ಮೊದಲು ಮೇಲಿನ ಹೊಳಪು ಉಜ್ಜಬೇಕು,
ಇಲ್ಲದಿದ್ದರೆ ಮದ್ದು ಒಳಗಿಳಿಯದು.
ಉಜ್ಜಿದೆ. ಕೆಂಪು ಪುಡಿ ಟವೆಲ್ಲಿನ ಮೇಲೆ ಉದುರಿತು.
ಅಮ್ಮ ಬಾಗಿಲವರೆಗೆ ಬಂದು ನೋಡಿ
ಏನೂ ಅನ್ನದೆ ಒಳಗೆ ಹೋದಳು.

ಒಂದೊಂದು ಬೆರಳಿಗೂ ಒದ್ದೆ ಹತ್ತಿ, ಮೇಲೊಂದು ಹಾಳೆ.
ಇನ್ನು ಹದಿನೈದು ನಿಮಿಷ.
ಹಚ್ಚುವಾಗ ಅರವತ್ತು ಸೆಕೆಂಡು,
ನೀಲಿ ದೀಪದಡಿ ಕೈಯಿಟ್ಟರೆ ಕಲ್ಲು.
ಬಿಡಿಸುವುದಕ್ಕೇ ಹೊತ್ತು.

ಹಚ್ಚಿದ ದಿನ ಅವರೂ ಬಂದಿದ್ದರು.
ನೆರಿಗೆ ಹಿಂದಕ್ಕೆ ಕಟ್ಟಿದ ಎತ್ತರದ ಹೆಂಗಸು,
ಕುರ್ಚಿ ಬೇಡವೆಂದು ಕಿಟಕಿಗೆ ಒರಗಿ ನಿಂತು
ಕರವಸ್ತ್ರದ ಗಂಟು ಬಿಚ್ಚಿ ಕೊಕ್ಕೆತಾತಿ ತೋರಿಸಿದರು.
"ಇದನ್ನ ಬರೀತೀಯಾ, ಸೊಸೆಯ ಉಂಗುರದ ಬೆರಳಿಗೆ?
ಉಗುರು ನೋಡಿದರೆ ಅವರೆಕಾಳಿನಷ್ಟಿದೆ."
ಮೂರೇ ಕೂದಲಿನ ಕುಂಚ. ಉಸಿರು ಹಿಡಿದು
ಬಂಗಾರದ ಅರ್ಧಚಂದ್ರ, ಹೆಡೆ, ಅಂಚಿಗೆ ಮುತ್ತು,
ಒಳಗೆ ಸಾಲಾಗಿ ಕೆಂಪು ಹರಳು.
ಕನ್ನಡಕ ಏರಿಸಿ ಎಣಿಸಿದರು.
"ಒಂದು ಹೆಚ್ಚಿಗೆ ಇಟ್ಟೆಯಲ್ಲ ಹುಡುಗಿ!
ಅದು ಬಿದ್ದುಹೋದದ್ದು, ನನ್ನ ಮದುವೆಯ ದಿನವೇ,
ನೀರು ಹೊತ್ತು ಬರುವಾಗ, ಕುಣಿಯುವವರ ಕಾಲಡಿ.
ನಲವತ್ತೊಂದು ವರ್ಷ ಆ ಗೂಡು ಖಾಲಿ."
ಅಳಿಸಲೇ ಎಂದೆ.
"ಬೇಡ ಬೇಡ. ಇವಳಾದರೂ ಪೂರ್ತಿ ಹಾಕಿಕೊಳ್ಳಲಿ."
ಆಮೇಲೆ ಕಾಫಿ ಕೇಳಿ ಪಡೆದು ಎರಡು ಲೋಟ ಕುಡಿದರು,
ಬೆಲ್ಲ ಸಾಲದು ಎಂದರು.

ಆರು ನಿಮಿಷ.
ಶರಿನ್‌ಗೆ ಈಗ ಅಳು ಬಂತು.
ಒರೆಸಿಕೊಳ್ಳಲು ಕೈಯೆತ್ತಿದಳು, ಹತ್ತು ಬೆರಳಿಗೂ ಬೆಳ್ಳಿ,
ಯಾರದೋ ಕೈ ಎಂಬಂತೆ ಮತ್ತೆ ಇಳಿಸಿದಳು.
ನಾನು ದುಪಟ್ಟಾದಲ್ಲಿ ಕಣ್ಣೊರೆಸಿದೆ. ಮೂಗನ್ನೂ.
ಫೋನು ಬಂತು. ಅವಳ ಕಿವಿಗೆ ಹಿಡಿದೆ.
ಆ ಕಡೆ ಗಂಡನ ದನಿ, ಅದರ ಹಿಂದೆ ಕೋವಿ,
ಒಂದು ಗುಂಡು. ಇನ್ನೊಂದು.
ನನ್ನ ಅಂಗೈಯಲ್ಲಿ ಫೋನು ಅದುರಿತು.
"ಬಂದೆ, ಬಂದೆ, ಇನ್ನು ಎಂಟೇ ನಿಮಿಷ."
ಎಲ್ಲಿದ್ದೀ ಎಂದು ಕೇಳಿರಬೇಕು.
ಅವಳು ಹೇಳಲಿಲ್ಲ.

ಹಾಳೆ ಬಿಚ್ಚಿದರೆ ಹಣ್ಣು ಕಾಫಿಯ ಸಿಪ್ಪೆಯಂತೆ
ಬಣ್ಣ ಜಾರಿಬಂತು, ಒಂಬತ್ತು ಉಗುರಲ್ಲಿ.
ಉಂಗುರದ ಬೆರಳು ಬಿಡಲಿಲ್ಲ.
ಚಿತ್ರ ಬಾಳಲೆಂದು ಎರಡು ಪದರ ಹೆಚ್ಚಿಗೆ ಹಾಕಿದ್ದೆ.
ಮರದ ಕಡ್ಡಿಯಲ್ಲಿ ಮೆಲ್ಲಗೆ ತಳ್ಳಿದೆ,
ಮುತ್ತು ಹೋಯಿತು, ಹೆಡೆ ಹೋಯಿತು.
"ನೋಯುತ್ತಾ?"
"ಇಲ್ಲ. ಬೇಗ."
ಕೆಳಗಿನ ಉಗುರು ಬಿಳಿಚಿಕೊಂಡು, ತೆಳ್ಳಗೆ,
ಒತ್ತಿದರೆ ಕಾಗದದ ಹಾಗೆ ಬಾಗುತ್ತಿತ್ತು.
ಕೊಬ್ಬರಿ ಎಣ್ಣೆ ಸವರಿದೆ,
ಬಿಳಿ ಸೀರೆಗೆ ತಾಗೀತೆಂದು ಮತ್ತೆ ನಾನೇ ಒರೆಸಿದೆ.

"ಎಷ್ಟಾಯಿತು?" ಎಂದಳು ಹೊಸ್ತಿಲಲ್ಲಿ.
ಬೇಡ ಎನ್ನಬೇಕಿತ್ತು.
ಇನ್ನೂರು ಎಂದುಬಿಟ್ಟಿತು ಬಾಯಿ,
ದಿನಾ ಹೇಳಿ ರೂಢಿಯಾದದ್ದು.
ಐನೂರರ ನೋಟಿಟ್ಟು ಓಡಿದಳು.

ರಾತ್ರಿ ಗುಡಿಸಬಾರದು ಎನ್ನುತ್ತಾಳೆ ಅಮ್ಮ.
ಟವೆಲ್ಲು ಕೊಡವದೆ ಮಡಚಿಟ್ಟೆ.
ಬೆಳಿಗ್ಗೆ ಕಿಟಕಿಯ ಬಳಿ ಬಿಡಿಸಿ ನೋಡಿದೆ,
ಕೆಂಪೆಲ್ಲ ಒಂದೇ ಕೆಂಪು.
ಯಾವ ಚೂರು ಆ ಹರಳು,
ಎಷ್ಟು ಹುಡುಕಿದರೂ ತಿಳಿಯಲಿಲ್ಲ.
ಅಮ್ಮ ಬೀನ್ಸಿನ ಬುಟ್ಟಿ ಹಿಡಿದು
ಟೀಪಾಯಿಗೆ ಕಾಯುತ್ತಿದ್ದಳು.